ಮೆಷಿನ್‌ಗನ್ನಿಗೆ ಉಣಿಸಿದ ಯಂತ್ರ

ಹಂಪಸಾಗರದ ಸೀಮೆಯ ಎರೆಹೊಲಗಳಲ್ಲಿ ಕೂರಿಗೆ ಹೂಡಿ ಬಿತ್ತಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಎತ್ತುಗಳು ಎಷ್ಟೇ ಗಟ್ಟಿಯಾಗಿರಲಿ, ಕೂರಿಗೆ ಎಷ್ಟೇ ನೆಟ್ಟಗಿರಲಿ, ಬಟ್ಟಲಿಗೆ ಕಾಳು ಬಿಡುವ ಕೈ ಸಮನಾಗಿ ಆಡದಿದ್ದರೆ ಸಾಲು ಕೆಟ್ಟಿತು. ಅದು ಕೆಟ್ಟದ್ದು ಬಿತ್ತಿದ ದಿನ ಕಾಣುವುದಿಲ್ಲ. ಮೊಳಕೆ ಒಡೆದ ದಿನ ಕಾಣುತ್ತದೆ. ಹೊಲದ ಈ ನ್ಯಾಯವು ರಣರಂಗಕ್ಕೂ ಸಲ್ಲುತ್ತದೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಕಳೆದ ಶತಮಾನದ ಮೊದಲ ಮಹಾಯುದ್ಧದಲ್ಲಿ ಮೆಷಿನ್‌ಗನ್ ಎಂಬ ಘೋರಾಸ್ತ್ರದ ಹೆಸರನ್ನು ಕೇಳದವರಿಲ್ಲ. ಆದರೆ ಅದಕ್ಕೆ ಹೊತ್ತುಹೊತ್ತಿಗೆ ಉಣಿಸುತ್ತಿದ್ದ ಒಂದು ಪುಟ್ಟ ಕೈಯಂತ್ರದ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಸಿಗುವುದು ಅಪರೂಪ. ಅದೇ ತೋಟಾ ಪಟ್ಟಿ ತುಂಬುವ ಯಂತ್ರ.

ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಹೈರಮ್ ಮ್ಯಾಕ್ಸಿಮ್ 1884ರ ಸುಮಾರಿಗೆ ತನ್ನ ಮೆಷಿನ್‌ಗನ್ನನ್ನು ಜಗತ್ತಿಗೆ ತೋರಿಸಿದ. ಅದಕ್ಕೆ ಮುಂಚೆ ಇದ್ದ ಗ್ಯಾಟ್ಲಿಂಗ್ ಮೊದಲಾದ ಬಂದೂಕುಗಳಲ್ಲಿ ಸೈನಿಕ ಹಿಡಿಯನ್ನು ತಿರುಗಿಸುತ್ತಲೇ ಇರಬೇಕಾಗಿತ್ತು. ಮ್ಯಾಕ್ಸಿಮನು ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುವ ಶಕ್ತಿಯನ್ನೇ ಕೆಲಸಕ್ಕೆ ಹಚ್ಚಿದ. ಆ ಒದೆತವೇ ಸುಟ್ಟ ತೋಟಾವನ್ನು ಹೊರಗೆ ಹಾಕಿ, ಹೊಸದನ್ನು ಒಳಗೆ ಎಳೆದುಕೊಂಡು, ಮತ್ತೆ ಹಾರಿಸುತ್ತಿತ್ತು. ಇದರ ಸುಧಾರಿಸಿದ ರೂಪವೇ ವಿಕರ್ಸ್ ಮೆಷಿನ್‌ಗನ್. ಬ್ರಿಟಿಷ್ ಸೇನೆ ಅದನ್ನು 1912ರಲ್ಲಿ ಸ್ವೀಕರಿಸಿತು. ಎಡೆಬಿಡದೆ ಹಾರಿಸಿದರೆ ಅದು ನಿಮಿಷಕ್ಕೆ ಸುಮಾರು 500 ಗುಂಡು ಹಾರಿಸಬಲ್ಲದು. ಒಂದು ಪಟ್ಟಿಯಲ್ಲಿ ಇದ್ದದ್ದು 250 ತೋಟಾ. ಅಂದರೆ ಅರ್ಧ ನಿಮಿಷದಲ್ಲಿ ಪಟ್ಟಿ ಬರಿದು! ಬಂದೂಕಿನ ಹಸಿವು ಹೀಗೆ. ಅದನ್ನು ತಣಿಸುವ ಕೆಲಸ ಮಾತ್ರ ಮನುಷ್ಯನ ಕೈಗೇ ಉಳಿಯಿತು.

ಈ ಪಟ್ಟಿ ಎಂಥದು? ಮಂಚಕ್ಕೆ ಹೆಣೆಯುವ ನವಾರನ್ನು ನೆನೆದುಕೊಂಡರೆ ಸಾಕು. ಅಂಥ ಎರಡು ದಪ್ಪ ಬಟ್ಟೆಯ ಪಟ್ಟಿಗಳನ್ನು ಒಂದರ ಮೇಲೊಂದು ಇರಿಸಿ, ಅಲ್ಲಲ್ಲಿ ಹಿತ್ತಾಳೆಯ ತುಂಡುಗಳಿಂದ ಬಿಗಿದು, ನಡುವೆ ಒಂದೊಂದು ತೋಟಾ ಹಿಡಿಯುವಷ್ಟು ಕಿಸೆಗಳನ್ನು ಬಿಡುತ್ತಿದ್ದರು. ಕೆಲವು ಹಿತ್ತಾಳೆ ತುಂಡುಗಳು ಉದ್ದವಾಗಿ ಹೊರಚಾಚಿ, ತೋಟಾಗಳು ಸಾಲು ತಪ್ಪದಂತೆ ಕಾಯುತ್ತಿದ್ದವು. ಪಟ್ಟಿ ಬರಿದಾದ ಮೇಲೆ ಅದನ್ನು ಬಿಸಾಡುವಂತಿರಲಿಲ್ಲ. ಆಯ್ದು ತಂದು, ಮತ್ತೆ ತುಂಬಿ, ಮತ್ತೆ ಕಳುಹಿಸಬೇಕು.

ಬೆರಳಿನಿಂದಲೇ ತುಂಬಬಹುದಾಗಿತ್ತು, ನಿಜ. ಆದರೆ 250 ಕಿಸೆಗಳಿಗೆ ಒಂದೊಂದಾಗಿ ಹಿತ್ತಾಳೆಯ ತೋಟಾ ಒತ್ತುವಷ್ಟರಲ್ಲಿ ಹೆಬ್ಬೆರಳು ಬೊಬ್ಬೆಯೇಳುತ್ತಿತ್ತು, ಹೊತ್ತೂ ಹಿಡಿಯುತ್ತಿತ್ತು. ಅದಕ್ಕಾಗಿಯೇ ಯಂತ್ರ ಬಂತು. ಮೇಜಿಗೋ ಪೆಟ್ಟಿಗೆಗೋ ಬಿಗಿದ ಒಂದು ಲೋಹದ ಚೌಕಟ್ಟು. ಮೇಲೆ ತೋಟಾ ಸುರಿಯುವ ಬಾಯಿ. ಪಕ್ಕದಲ್ಲಿ ತಿರುಗಿಸುವ ಹಿಡಿ. ಹಿಡಿ ತಿರುಗಿದಂತೆ ಪಟ್ಟಿ ಒಂದು ಕಿಸೆಯಷ್ಟು ಮುಂದೆ ಸರಿಯುತ್ತದೆ, ಮೇಲಿನಿಂದ ಒಂದು ತೋಟಾ ಜಾರಿ ಬಂದು ಕಿಸೆಯ ಎದುರು ನಿಲ್ಲುತ್ತದೆ, ಒಂದು ದೂಡುಗೋಲು ಅದನ್ನು ಕಿಸೆಯೊಳಕ್ಕೆ ತಳ್ಳುತ್ತದೆ. ಕೇಳುವುದಕ್ಕೆ ಬಹಳ ಸುಲಭ, ಅಲ್ಲವೆ? ಆದರೆ ಈ ಮೂರು ಚಲನೆಗಳು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಕೂಡಿಬರಬೇಕು. ಇದರ ಮುಂಗೋಪಕ್ಕೆಲ್ಲ ಮೂಲ ಅಲ್ಲಿಯೇ.

ಯಂತ್ರ ಹಟ ಹಿಡಿದಾಗ ಹೊಸಬರು ಯಂತ್ರವನ್ನೇ ದೂರುತ್ತಾರೆ. ಹಿಡಿಯನ್ನು ಬಲವಾಗಿ ತಿರುಗಿಸುತ್ತಾರೆ. ಅನುಭವಸ್ಥನು ಮೊದಲು ನೋಡುವುದು ಪಟ್ಟಿಯನ್ನು. ಬಟ್ಟೆ ನೀರು ಕುಡಿದರೆ ಬಿಗಿಯುತ್ತದೆ; ಮಳೆಯಲ್ಲಿ ನೆಂದ ನವಾರು ಬಿಗಿಯುವುದನ್ನು ನಾವು ಕಂಡೇ ಇದ್ದೇವೆ. ಹಾಗೆ ಬಿಗಿದ ಕಿಸೆಗೆ ತೋಟಾ ಒಳಗೆ ಹೋಗದು. ಪದೇ ಪದೇ ಬಳಸಿದ ಪಟ್ಟಿಯದು ಇದಕ್ಕೆ ವಿರುದ್ಧವಾದ ರೋಗ: ಕಿಸೆಗಳು ಸಡಿಲವಾಗಿ, ಅವುಗಳ ನಡುವಣ ಅಂತರ ಹೆಚ್ಚುಕಡಿಮೆಯಾಗಿ, ತೋಟಾ ಬಂದು ನಿಂತಾಗ ಕಿಸೆ ಎದುರಿಗೇ ಇರುವುದಿಲ್ಲ. ಆಗ ದೂಡುಗೋಲು ಬಟ್ಟೆಯನ್ನು ಹರಿಯುತ್ತದೆ, ಇಲ್ಲವೆ ತೋಟಾವನ್ನು ಜಜ್ಜುತ್ತದೆ. ಹಳೆಯ ಜಿಡ್ಡು ಗಟ್ಟಿಯಾಗಿ ಅಂಟಿಕೊಂಡಿದ್ದರೆ ತೋಟಾ ಜಾರಬೇಕಾದ ದಾರಿಯಲ್ಲೇ ತಡೆಯುತ್ತದೆ. ಮರಳು ಧೂಳು ಸೇರಿದರಂತೂ ಹೇಳಬೇಕಾದುದೇ ಇಲ್ಲ.

ಆದುದರಿಂದ ಇದಕ್ಕೆ ಮದ್ದು ತೋಳಿನ ಬಲವಲ್ಲ, ಕ್ರಮ. ಪಟ್ಟಿಯನ್ನು ಒಣಗಿಸಿ, ಕೊಡವಿ, ಹರಿದುದನ್ನು ಬೇರೆಮಾಡಬೇಕು. ಯಂತ್ರದ ಹಳೆಯ ಜಿಡ್ಡನ್ನು ತೊಳೆದು ತೆಳುವಾಗಿ ಎಣ್ಣೆ ಬಿಡಬೇಕು. ಎಣ್ಣೆ ಹೆಚ್ಚಾದರೆ ಬಟ್ಟೆ ಅದನ್ನೂ ಕುಡಿಯುತ್ತದೆ. ಚೌಕಟ್ಟು ಅಲುಗದಂತೆ ಬಿಗಿದಿರಬೇಕು. ಮದ್ದಿಲ್ಲದ ಹುಸಿ ತೋಟಾಗಳಿಂದ ಮೊದಲು ಪರೀಕ್ಷಿಸಿ, ದೂಡುಗೋಲು ಎಷ್ಟು ಆಳಕ್ಕೆ ತಳ್ಳುತ್ತದೆಂಬುದನ್ನು ಸರಿಪಡಿಸಬೇಕು. ಆಮೇಲೆ ಒಂದೇ ಹದದಲ್ಲಿ ತಿರುಗಿಸಬೇಕು. ಹಿಡಿ ತಡೆದರೆ ಅಲ್ಲಿಯೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ನೋಡಬೇಕೇ ಹೊರತು ಮುಂದಕ್ಕೆ ಒತ್ತಬಾರದು. ಕಡೆಯದಾಗಿ, ತುಂಬಿದ ಪಟ್ಟಿಯ ಉದ್ದಕ್ಕೂ ಕಣ್ಣೋಡಿಸಿ, ತೋಟಾಗಳ ತುದಿಗಳು ಒಂದೇ ಗೆರೆಯಲ್ಲಿವೆಯೆ ಎಂದು ನೋಡಬೇಕು.

ಇಷ್ಟೊಂದು ಎಚ್ಚರಿಕೆ ಏತಕ್ಕೆ? ಈ ಬಂದೂಕು ತೋಟಾವನ್ನು ಅದರ ಹಿಂಬದಿಯ ಅಂಚು ಹಿಡಿದು ಪಟ್ಟಿಯಿಂದ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಂದೇ ಒಂದು ತೋಟಾ ಮುಂದೆ ಚಾಚಿದ್ದರೆ, ಇಲ್ಲವೆ ಹಿಂದೆ ಸರಿದಿದ್ದರೆ, ಪಟ್ಟಿ ಬಾಯಿಯಲ್ಲಿ ಸಿಕ್ಕಿಕೊಂಡು ಬಂದೂಕು ಮೂಕವಾಗುತ್ತದೆ. ವಿಕರ್ಸ್ ಬಂದೂಕಿನ ಬಲಮಗ್ಗುಲಲ್ಲಿ ಒಂದು ಹಿಡಿಯಿತ್ತು. ಬಂದೂಕು ನಿಂತಾಗ ಆ ಹಿಡಿ ನಾಲ್ಕು ನೆಲೆಗಳಲ್ಲಿ ಯಾವುದರಲ್ಲಿ ನಿಂತಿದೆಯೆಂದು ನೋಡಿ ಸೈನಿಕರು ರೋಗವನ್ನು ಗುರುತಿಸುತ್ತಿದ್ದರು. ಮೂರನೆಯ ನೆಲೆಯಲ್ಲಿ ನಿಂತರೆ ತಪ್ಪು ಉಣಿಸುವುದರಲ್ಲಿದೆ ಎಂದು ಅರ್ಥ. ಹಿಂದಿನ ರಾತ್ರಿ ಎಲ್ಲೋ ದೂರದ ಕಂದಕದಲ್ಲಿ ಅವಸರಪಟ್ಟ ಕೈಯ ತಪ್ಪು ಮರುದಿನ ವೈರಿ ಏರಿಬರುವ ಗಳಿಗೆಯಲ್ಲಿ ಬೇರೊಬ್ಬನ ಪ್ರಾಣಕ್ಕೆ ಬರುತ್ತಿತ್ತು.

ಈ ಯಂತ್ರದ ಹೆಸರು ಎದ್ದು ಕಾಣುವ ಒಂದು ಪ್ರಸಂಗವುಂಟು. 1916ರ ಆಗಸ್ಟ್ 24ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ, ಹೈ ವುಡ್ ಎಂಬ ಕಾಡಿನ ಬಳಿ, ಬ್ರಿಟಿಷರ 100ನೆಯ ಮೆಷಿನ್‌ಗನ್ ಕಂಪನಿಯ ಹತ್ತು ವಿಕರ್ಸ್ ಬಂದೂಕುಗಳು ಹನ್ನೆರಡು ಗಂಟೆಗಳ ಕಾಲ ಗುಂಡು ಸುರಿಸಿದವು. ತೋಟಾ ಮತ್ತು ನೀರು ಹೊರುವುದಕ್ಕೇ ಎರಡು ಕಂಪನಿ ಕಾಲಾಳುಗಳು ಬೇಕಾದರು. ಸುಮಾರು ಹತ್ತು ಲಕ್ಷ ಗುಂಡುಗಳು ಖರ್ಚಾದವೆಂದೂ, ಪಟ್ಟಿ ತುಂಬುವ ಯಂತ್ರವು ಹನ್ನೆರಡು ಗಂಟೆಯೂ ಕ್ಷಣಮಾತ್ರ ನಿಲ್ಲಲಿಲ್ಲವೆಂದೂ ಅಲ್ಲಿದ್ದ ಅಧಿಕಾರಿ ಹಚಿಸನ್ ಆಮೇಲೆ ಬರೆದರು. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಹತ್ತು ಲಕ್ಷ ತೋಟಾ ಎಂದರೆ 4,000 ಪಟ್ಟಿ. 720 ನಿಮಿಷಗಳಿಗೆ ಹಂಚಿದರೆ ಹನ್ನೊಂದು ಸೆಕೆಂಡಿಗೆ ಒಂದು ಪಟ್ಟಿ. ಒಂದು ಕೈಯಂತ್ರಕ್ಕೆ ಇದು ಸಾಧ್ಯವೆ? ಈ ಅಂಕಿಯನ್ನು ಮುಂದಿನ ಇತಿಹಾಸಕಾರರು ಪ್ರಶ್ನಿಸಿರುವುದು ಸಹಜವೇ. ಅಂಕಿ ಹೇಗಾದರೂ ಇರಲಿ, ಆ ದಿನವನ್ನು ನೆನೆದ ಅಧಿಕಾರಿಗೆ ಬಂದೂಕುಗಳ ಜೊತೆಗೆ ಯಂತ್ರದ ಹಿಡಿ ತಿರುಗಿಸಿದವರೂ ನೆನಪಿಗೆ ಬಂದರೆಂಬುದು ಗಮನಿಸತಕ್ಕ ಮಾತು.

ಈ ಕಥೆ ಫ್ರಾನ್ಸಿನದು, ನಮಗೇನು ಎನ್ನುವಂತಿಲ್ಲ. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳ 1914ರಲ್ಲಿ ಬೆಂಗಳೂರಿನಿಂದ ಈಜಿಪ್ಟಿಗೆ ಹೊರಟಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಎದುರು ಜೋಧಪುರದ ಸವಾರರು ಬಯಲಿನಲ್ಲಿ ಕುದುರೆ ನುಗ್ಗಿಸಿದಾಗ, ಮೈಸೂರಿನ ಒಂದು ತುಕಡಿ ಮೌಂಟ್ ಕಾರ್ಮೆಲ್ ಬೆಟ್ಟವೇರಿ ಅಲ್ಲಿನ ಫಿರಂಗಿಗಳ ಮೇಲೆ ಬಿತ್ತು. ಇನ್ನೊಂದು ತುಕಡಿ ಮೆಷಿನ್‌ಗನ್ನುಗಳೊಡನೆ ಆ ಸವಾರರ ಬೆಂಬಲಕ್ಕೆ ನಿಂತಿತು. ಬಯಲಿನಲ್ಲಿ ಓಡುವ ಕುದುರೆಗೆ ಮರೆ ಎಲ್ಲಿಯದು? ಬೆಂಬಲದ ಬಂದೂಕು ನಿಲ್ಲದೆ ಮಾತನಾಡುವುದೇ ಅದಕ್ಕೆ ಮರೆ. ಅಂದು ಹೈಫಾ ವಶವಾಯಿತು. 1,350 ಮಂದಿ ಸೆರೆಸಿಕ್ಕರು. 17 ಫಿರಂಗಿಗಳೂ 11 ಮೆಷಿನ್‌ಗನ್ನುಗಳೂ ಕೈಸೇರಿದವು. ಆ ಯುದ್ಧದ ಇನ್ನೊಂದು ನೆರಳು ಹಂಪಸಾಗರವಿದ್ದ ಬಳ್ಳಾರಿ ಜಿಲ್ಲೆಯ ಮೇಲೂ ಬಿದ್ದಿತ್ತು. ಸೆರೆಸಿಕ್ಕ ತುರ್ಕಿ ಸೈನಿಕರನ್ನು ಇಡಲು ಬಳ್ಳಾರಿಯಲ್ಲಿ ಒಂದು ಶಿಬಿರವೇ ಇತ್ತು.

ಯುದ್ಧ ಮುಗಿಯುವ ವೇಳೆಗೆ ವಿಮಾನಗಳ ಬಂದೂಕುಗಳಲ್ಲಿ ಬಟ್ಟೆಯ ಪಟ್ಟಿ ಹೋಗಿ ಲೋಹದ ಕೊಂಡಿಗಳ ಸರಪಣಿ ಬಂದಿತ್ತು. ಗುಂಡು ಹಾರಿದಂತೆ ಕೊಂಡಿಗಳೂ ಕಳಚಿ ಬೀಳುತ್ತಿದ್ದವು. ತೇವದ ಕಾಟ ತಪ್ಪಿತು. ನೆಲದ ಮೇಲೆ ಮಾತ್ರ ವಿಕರ್ಸ್ ಬಟ್ಟೆಯ ಪಟ್ಟಿಯನ್ನು ಬಹುಕಾಲ ಬಿಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಸೇನೆಯಲ್ಲಿ ಆ ಬಂದೂಕು ಇತ್ತು. ಬ್ರಿಟಿಷ್ ಸೇನೆ ಅದಕ್ಕೆ ವಿದಾಯ ಹೇಳಿದ್ದು 1968ರಲ್ಲಿ. ಇಂದು ಪಟ್ಟಿ ತುಂಬುವ ಯಂತ್ರ ವಸ್ತುಸಂಗ್ರಹಾಲಯದ ವಸ್ತು. ಅದನ್ನು ಮತ್ತೆ ನಡೆಸಿ ನೋಡುವ ಆಸಕ್ತರು ಕಲಿಯುವ ಪಾಠವೂ ಹಳೆಯದೇ: ಮೊದಲು ಪಟ್ಟಿ, ಆಮೇಲೆ ಯಂತ್ರ, ಎಲ್ಲಕ್ಕಿಂತ ಮೇಲಾಗಿ ತಾಳ್ಮೆ.

ಹೈಫಾದ ವೀರರ ನೆನಪಿಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೈಸೂರು, ಜೋಧಪುರ, ಹೈದರಾಬಾದುಗಳ ಮೂವರು ಸವಾರರು ಈಟಿ ಹಿಡಿದು ನಿಂತಿದ್ದಾರೆ. ಅವರು ಆ ಗೌರವಕ್ಕೆ ಪಾತ್ರರೇ ಸರಿ. ಅವರ ಹಿಂದೆ, ದೀಪ ಸಣ್ಣದಾಗಿಸಿಕೊಂಡು ತೋಟಾಗಳ ತುದಿಯನ್ನು ಒಂದು ಗೆರೆಗೆ ತಂದವರಿಗೆ ಕಲ್ಲಿನ ಮೂರ್ತಿಯಿಲ್ಲ. ಬಂದೂಕು ನಡುವೆ ನಿಲ್ಲದಿದ್ದುದೇ ಅವರ ಕೆಲಸಕ್ಕೆ ಸಾಕ್ಷಿ.