ಕೋಡಿಂಗ್ ಹಾಳೆಯಿಂದ ಸಿ ಲ್ಯಾಬಿನವರೆಗೆ: ಉಡುಪಿ ಸೀಮೆಯ ಪ್ರೋಗ್ರಾಮಿಂಗ್ ಕಲಿಕೆ

1957ರಲ್ಲಿ ಅಮೆರಿಕದ ಐಬಿಎಂ ಕಂಪನಿ ತನ್ನ 704 ಯಂತ್ರಕ್ಕಾಗಿ ಫೋರ್ಟ್ರಾನ್ ಕಂಪೈಲರನ್ನು ಹೊರತಂದಿತು. ಅದೇ ವರ್ಷ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಗುಡ್ಡದಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದರು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಘಟನೆಗಳು ಮುಂದೆ ಒಂದೇ ತರಗತಿಯಲ್ಲಿ ಕೂಡಿಕೊಂಡವು. ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ರೂಪಿಸಿದ ಫೋರ್ಟ್ರಾನ್‌ನಲ್ಲಿ ಲೆಕ್ಕದ ಸೂತ್ರವನ್ನು ಹೆಚ್ಚುಕಡಿಮೆ ಪುಸ್ತಕದಲ್ಲಿರುವಂತೆಯೇ ಬರೆಯಬಹುದಿತ್ತು. ಬರೆದದ್ದನ್ನು ಕಂಪೈಲರ್ ಮೊದಲು ಪೂರ್ತಿ ಓದಿ ಯಂತ್ರದ ಸಂಕೇತಕ್ಕೆ ತಿರುಗಿಸುತ್ತದೆ. ವ್ಯಾಕರಣ ತಪ್ಪಿದ್ದರೆ ಅಲ್ಲೇ ತಡೆಯುತ್ತದೆ. ಬರೆಯುವುದು, ಕಂಪೈಲ್ ಮಾಡುವುದು, ತಪ್ಪು ತಿದ್ದುವುದು, ಆಮೇಲೆ ರನ್ ಮಾಡುವುದು ಎಂಬ ಈ ಕ್ರಮವೇ ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಹಲವು ತಲೆಮಾರುಗಳಿಗೆ ಪ್ರೋಗ್ರಾಮಿಂಗ್‌ನ ಮೊದಲ ಪಾಠವಾಯಿತು.

ಆರಂಭದ ದಶಕಗಳಲ್ಲಿ ಕಂಪ್ಯೂಟರ್ ಎಂಬುದು ದೇಶದಲ್ಲೇ ಬೆರಳೆಣಿಕೆಯ ಕಡೆ ಇತ್ತು. ಐಐಟಿ ಕಾನ್ಪುರಕ್ಕೆ ಐಬಿಎಂ 1620 ಯಂತ್ರ ಬಂದದ್ದು 1963ರಲ್ಲಿ. ಅಲ್ಲಿ ಕಲಿಸುತ್ತಿದ್ದ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ವಿ. ರಾಜಾರಾಮನ್ ಅವರ ಫೋರ್ಟ್ರಾನ್ ಪುಸ್ತಕಗಳು ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ವಿದ್ಯೆಯ ಬಾಗಿಲು ತೆರೆದವು. ಆ ಕಾಲದ ಪ್ರೋಗ್ರಾಂ ಮೊದಲು ಹುಟ್ಟುತ್ತಿದ್ದದ್ದು ಚೌಕುಳಿಯ ಕೋಡಿಂಗ್ ಹಾಳೆಯ ಮೇಲೆ. ಸಾಲಿಗೆ 80 ಮನೆಗಳು. ಮೊದಲ ಐದು ಮನೆ ಸಾಲಿನ ಸಂಖ್ಯೆಗೆ, ಆರನೆಯದು ಹಿಂದಿನ ಸಾಲು ಮುಂದುವರಿದಿದೆ ಎಂಬ ಗುರುತಿಗೆ, 7ರಿಂದ 72ರವರೆಗೆ ಆದೇಶಕ್ಕೆ. ಒಂದು ಸಾಲಿಗೆ ಒಂದು ಪಂಚ್ ಕಾರ್ಡ್. ಕಾರ್ಡುಗಳ ಕಟ್ಟು ಒಪ್ಪಿಸಿದ ಮೇಲೆ ಫಲಿತಾಂಶಕ್ಕೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಮೊದಲಿನಿಂದ. ಹೀಗಾಗಿ ಕಾಗದದ ಮೇಲೆ ಫ್ಲೋಚಾರ್ಟ್ ಬರೆದು, ಪ್ರತಿಯೊಂದು ವೇರಿಯಬಲ್‌ನ ಬೆಲೆಯನ್ನು ಹಂತಹಂತವಾಗಿ ಬರೆದುಕೊಂಡು ನೋಡುವ ಡ್ರೈ ರನ್ ಕೇವಲ ಪಾಠಕ್ರಮದ ಅಂಗವಾಗಿರಲಿಲ್ಲ, ಅನಿವಾರ್ಯ ಅಭ್ಯಾಸವಾಗಿತ್ತು. ಯಂತ್ರದ ಸಮಯ ದುಬಾರಿ, ಯೋಚನೆಯ ಸಮಯ ಅಗ್ಗ ಎಂಬುದು ಆ ಕಾಲದ ನಿಯಮ.

ಲೆಕ್ಕಕ್ಕೂ ಈ ಸೀಮೆಗೂ ಹಳೆಯ ನಂಟು. ಕಾರ್ಪೊರೇಷನ್ ಬ್ಯಾಂಕು ಉಡುಪಿಯಲ್ಲಿ ಹುಟ್ಟಿದ್ದು 1906ರಲ್ಲಿ. ಸಿಂಡಿಕೇಟ್ ಬ್ಯಾಂಕಾಗಿ ಬೆಳೆದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1925ರಲ್ಲಿ. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿ ಮನೆಮನೆಯಿಂದ ದಿನವೂ ಆಣೆ ಲೆಕ್ಕದಲ್ಲಿ ಹಣ ತಂದಿತು. ಅಷ್ಟೂ ಸಣ್ಣ ಮೊತ್ತಗಳು ಲೆಡ್ಜರಿನಲ್ಲಿ ಖಾತೆವಾರು ಏರಬೇಕಿತ್ತು. ದತ್ತಾಂಶವನ್ನು ಕ್ರಮವಾಗಿ ಜೋಡಿಸುವುದು, ಹುಡುಕುವುದು, ಕೂಡಿಸಿ ತಾಳೆ ನೋಡುವುದು ಇಲ್ಲಿನ ಗುಮಾಸ್ತರ ನಿತ್ಯದ ಕೆಲಸವಾಗಿತ್ತು. 1984ರ ರಂಗರಾಜನ್ ಸಮಿತಿಯ ವರದಿಯ ನಂತರ ಬ್ಯಾಂಕುಗಳಿಗೆ ಯಂತ್ರಗಳು ಬರತೊಡಗಿದಾಗ, ವ್ಯವಹಾರದ ಲೆಕ್ಕಕ್ಕೆಂದೇ ಹುಟ್ಟಿದ್ದ ಇನ್ನೊಂದು ಕಂಪೈಲ್ಡ್ ಭಾಷೆ ಕೋಬಾಲ್ ಕಲಿತವರಿಗೆ ಬೇಡಿಕೆ ಬಂತು.

ಅಷ್ಟರಲ್ಲಿ ಸಿ ಭಾಷೆ ಬಂದಿತ್ತು. ಡೆನಿಸ್ ರಿಚಿ ಅದನ್ನು ಬೆಲ್ ಲ್ಯಾಬ್ಸ್‌ನಲ್ಲಿ 1972ರ ಸುಮಾರಿಗೆ ರೂಪಿಸಿದರು. ಬ್ರಯಾನ್ ಕರ್ನಿಹಾನ್ ಜೊತೆ ಅವರು ಬರೆದ ಪುಸ್ತಕ 1978ರಲ್ಲಿ ಬಂತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ ಅವರು ಸ್ಥಾಪಿಸಿದ ವಿದ್ಯಾಸಂಸ್ಥೆ 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಮರುವರ್ಷ ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಸಿ ಮಾರುಕಟ್ಟೆಗೆ ಬಂತು. ಬರೆಯುವುದು, ಕಂಪೈಲ್ ಮಾಡುವುದು, ರನ್ ಮಾಡುವುದು ಮೂರೂ ಒಂದೇ ಪರದೆಯಲ್ಲಿ. ಕಂಟ್ರೋಲ್ ಹಿಡಿದು ಎಫ್9 ಒತ್ತಿದರೆ ಪ್ರೋಗ್ರಾಂ ಓಡುತ್ತದೆ, ಆಲ್ಟ್ ಹಿಡಿದು ಎಫ್5 ಒತ್ತಿದರೆ ಔಟ್‌ಪುಟ್ ಕಾಣುತ್ತದೆ. ಕಾರ್ಡಿನ ಕಾಲದ ದೀರ್ಘ ಕಾಯುವಿಕೆ ಕ್ಷಣಕ್ಕೆ ಇಳಿಯಿತು. ಆ ನೀಲಿ ಪರದೆಯೇ ಸಾವಿರಾರು ವಿದ್ಯಾರ್ಥಿಗಳ ನೆನಪಿನಲ್ಲಿ ಸಿ ಭಾಷೆಯ ಮುಖ. 1990ರ ದಶಕದಲ್ಲಿ ಪೇಟೆಗಳ ಕಂಪ್ಯೂಟರ್ ಸೆಂಟರುಗಳೂ ಡಾಸ್, ವರ್ಡ್‌ಸ್ಟಾರ್ ಮುಗಿಸಿದವರಿಗೆ ಮುಂದಿನ ಮೆಟ್ಟಿಲಾಗಿ ಸಿ ಕಲಿಸತೊಡಗಿದವು.

ಹಳ್ಳಿಯ ಕನ್ನಡ ಶಾಲೆಯಿಂದ ಬಂದವರಿಗೆ ಸಿ ಒಂದು ಅರ್ಥದಲ್ಲಿ ಸಮಬಲದ ಅಂಗಳವಾಗಿತ್ತು. 1989ರ ಆನ್ಸಿ ಮಾನಕದ ಪ್ರಕಾರ ಅದರ ಮೀಸಲು ಪದಗಳು 32 ಮಾತ್ರ. ಇಫ್, ಎಲ್ಸ್, ವೈಲ್, ಫಾರ್ ಎಂಬ ನಾಲ್ಕನ್ನು ಹದವಾಗಿ ಬಳಸಲು ಬಂದರೆ ಮೊದಲ ವರ್ಷದ ಬಹುಪಾಲು ಲೆಕ್ಕಗಳನ್ನು ಬಿಡಿಸಬಹುದು. ಪಾಠ ಇಂಗ್ಲಿಷಿನಲ್ಲಿ, ಬಿಡಿಸಿ ಹೇಳುವುದು ಕನ್ನಡದಲ್ಲಿ, ಪಕ್ಕದವರ ಜೊತೆ ಚರ್ಚೆ ತುಳುವಿನಲ್ಲಿ. ಆದರೆ ಸೆಮಿಕೋಲನ್ ಬಿಟ್ಟರೆ ಕಂಪೈಲರ್ ಎಲ್ಲರಿಗೂ ಒಂದೇ ಎರರ್ ತೋರಿಸುತ್ತದೆ. ಇಂಗ್ಲಿಷ್ ಸೊಗಸಾಗಿ ಬಂದವರಿಗೆ ಅದು ರಿಯಾಯಿತಿ ಕೊಡುವುದಿಲ್ಲ.

1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಇಂಜಿನಿಯರಿಂಗ್ ಪಾಠಕ್ರಮ ಏಕರೂಪಕ್ಕೆ ಬಂತು. ಸಿವಿಲ್ ಇರಲಿ, ಮೆಕ್ಯಾನಿಕಲ್ ಇರಲಿ, ಮೊದಲ ವರ್ಷದಲ್ಲಿ ಸಿ ಎಲ್ಲರಿಗೂ ಕಡ್ಡಾಯವಾಗಿತ್ತು. ಲ್ಯಾಬಿನ ಪಟ್ಟಿಯಲ್ಲಿ ವರ್ಗ ಸಮೀಕರಣದ ಮೂಲಗಳು, ಪ್ಯಾಲಿಂಡ್ರೋಮ್, ಮ್ಯಾಟ್ರಿಕ್ಸ್ ಗುಣಾಕಾರ, ಬೈನರಿ ಸರ್ಚ್, ಬಬಲ್ ಸಾರ್ಟ್ ಇದ್ದವು. ಕಂಪ್ಯೂಟರ್ ಸೈನ್ಸ್ ಶಾಖೆಗೆ ಹೋದವರಿಗೆ ಮೂರನೇ ಸೆಮಿಸ್ಟರಿನಲ್ಲಿ ಸ್ಟ್ಯಾಕ್, ಕ್ಯೂ, ಲಿಂಕ್ಡ್ ಲಿಸ್ಟ್. ನಾಲ್ಕರಲ್ಲಿ ಕ್ವಿಕ್ ಸಾರ್ಟ್, ಡೈಕ್‌ಸ್ಟ್ರಾ, ಪ್ರಿಮ್, ಕ್ರಸ್ಕಲ್ ಅಲ್ಗಾರಿದಮ್‌ಗಳು. ಪರೀಕ್ಷೆಯ ದಿನ ಚೀಟಿ ಎತ್ತಬೇಕು. ಬಂದ ಪ್ರೋಗ್ರಾಂ ಬರೆದು, ಟೈಪ್ ಮಾಡಿ, ಔಟ್‌ಪುಟ್ ತೋರಿಸಿ, ವೈವಾ ಎದುರಿಸಬೇಕು. ಚೀಟಿ ಒಮ್ಮೆ ಬದಲಿಸಬಹುದು, ಆದರೆ ಬರವಣಿಗೆಯ ಅಂಕ ಹೋಗುತ್ತದೆ. ಈ ಭಯಕ್ಕೆ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಹಲವರು. ಅರ್ಥಮಾಡಿಕೊಂಡವರಿಗೆ ಮಾತ್ರ ಅದು ವಿದ್ಯೆಯಾಗಿ ಉಳಿಯಿತು.

ಅರ್ಥವಾಗುವುದೆಂದರೇನು ಎಂಬುದನ್ನು ಫ್ಯಾಕ್ಟೋರಿಯಲ್ ಲೆಕ್ಕ ಚೆನ್ನಾಗಿ ತೋರಿಸುತ್ತದೆ. ಟರ್ಬೊ ಸಿಯಲ್ಲಿ ಇಂಟ್ ಎಂದರೆ ಎರಡು ಬೈಟ್. ಅದು ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಏಳರ ಫ್ಯಾಕ್ಟೋರಿಯಲ್ 5040 ಎಂದು ಸರಿಯಾಗಿ ಬರುತ್ತದೆ. ಎಂಟಕ್ಕೆ 40320 ಬರಬೇಕಾದ ಕಡೆ -25216 ಎಂದು ಬರುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಕಂಪೈಲರ್ ದೂರಿಲ್ಲ, ಉತ್ತರ ಮಾತ್ರ ತಪ್ಪು. ಲ್ಯಾಬುಗಳು ಲಿನಕ್ಸ್‌ಗೂ ಜಿಸಿಸಿ ಕಂಪೈಲರಿಗೂ ಬದಲಾದಾಗ ಇಂಟ್ ನಾಲ್ಕು ಬೈಟ್ ಆಯಿತು. ತಪ್ಪು ಹೋಗಲಿಲ್ಲ, ಎಂಟರಿಂದ ಹದಿಮೂರಕ್ಕೆ ಸರಿಯಿತು. ಸಂಖ್ಯೆಗೂ ಅದನ್ನು ಇಡುವ ಪಾತ್ರೆಗೂ ವ್ಯತ್ಯಾಸವಿದೆ ಎಂಬುದನ್ನು ಕಂಪೈಲ್ಡ್ ಭಾಷೆ ಹೀಗೆ ಕೈಯಾರೆ ಕಲಿಸುತ್ತದೆ.

ಅಲ್ಗಾರಿದಮ್‌ಗಳ ಬೆಲೆ ಗೊತ್ತಾಗುವುದು ಎಣಿಸಿ ನೋಡಿದಾಗ. ಒಂದು ಶಾಖೆಯ 1000 ಪಿಗ್ಮಿ ಖಾತೆಗಳನ್ನು ಸಂಖ್ಯೆಯ ಕ್ರಮಕ್ಕೆ ತರಬೇಕೆನ್ನಿ. ಪಕ್ಕಪಕ್ಕದ ಎರಡನ್ನು ಹೋಲಿಸಿ ಅದಲುಬದಲು ಮಾಡುವ ಬಬಲ್ ಸಾರ್ಟ್‌ಗೆ 4,99,500 ಹೋಲಿಕೆಗಳು ಬೇಕಾಗಬಹುದು. ಅರ್ಧರ್ಧ ಮಾಡಿ ಜೋಡಿಸಿ ಮತ್ತೆ ಕೂಡಿಸುವ ಮರ್ಜ್ ಸಾರ್ಟ್‌ಗೆ 10,000ಕ್ಕಿಂತ ಕಡಿಮೆ ಸಾಕು. ಒಮ್ಮೆ ಕ್ರಮಕ್ಕೆ ಬಂದ ಮೇಲೆ ಬೈನರಿ ಸರ್ಚ್ ಯಾವುದೇ ಖಾತೆಯನ್ನು ಹತ್ತು ಹೆಜ್ಜೆಯೊಳಗೆ ಹುಡುಕಿ ಕೊಡುತ್ತದೆ.

ಉಡುಪಿಯ ರಥಬೀದಿಯಲ್ಲೇ ಒಂದು ಸರ್ಕ್ಯುಲರ್ ಕ್ಯೂ ಶತಮಾನಗಳಿಂದ ನಡೆದು ಬಂದಿದೆ. ಶ್ರೀಕೃಷ್ಣನ ಪೂಜೆ ಅಷ್ಟಮಠಗಳ ನಡುವೆ ಸರದಿಯಂತೆ ಸಾಗುತ್ತದೆ. ಎರಡು ತಿಂಗಳಿದ್ದ ಅವಧಿಯನ್ನು ಸೋದೆ ಮಠದ ಯತಿ ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಈ ದ್ವೈವಾರ್ಷಿಕ ಪರ್ಯಾಯ 1522ರಲ್ಲಿ ಆರಂಭವಾಯಿತೆಂಬುದು ಪರಂಪರೆಯ ಲೆಕ್ಕ. ಸರದಿ ಹೀಗೆ: ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ಸಿ ಭಾಷೆಯ ಅರೇ ಸೊನ್ನೆಯಿಂದ ಶುರುವಾಗುವುದರಿಂದ ಪಲಿಮಾರು 0, ಪೇಜಾವರ 7. ವರ್ಷದಿಂದ 1522 ಕಳೆದು, ಎರಡರಿಂದ ಭಾಗಿಸಿ, ಬಂದದ್ದನ್ನು ಎಂಟರಿಂದ ಭಾಗಿಸಿದಾಗ ಉಳಿಯುವ ಶೇಷವೇ ಮಠದ ಸಂಖ್ಯೆ. 2024ಕ್ಕೆ 502, ಅದರರ್ಧ 251, ಶೇಷ 3: ಪುತ್ತಿಗೆ. 2025ಕ್ಕೆ 503, ಪೂರ್ಣಾಂಕಗಳ ಭಾಗಾಕಾರದಲ್ಲಿ ಸಿ ದಶಮಾಂಶವನ್ನು ಕತ್ತರಿಸುವುದರಿಂದ ಮತ್ತೆ 251, ಮತ್ತೆ ಪುತ್ತಿಗೆ. 2026ಕ್ಕೆ 252, ಶೇಷ 4: ಶೀರೂರು. ಆದರೆ ಪರ್ಯಾಯ ಪೀಠಾರೋಹಣ ಜನವರಿ 18ರಂದು. 2026ರ ಜನವರಿ 10ರಂದು ಯಾರ ಸರದಿ ಎಂದು ಕೇಳಿದರೆ ಸೂತ್ರ ತಪ್ಪುತ್ತದೆ. ಅಲ್ಲಿ ಒಂದು ಇಫ್ ಬೇಕು. ಗಡಿಯಲ್ಲಿ ಪರೀಕ್ಷಿಸಬೇಕೆಂಬ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಕನ್ನಡವನ್ನೇ ಕಂಪ್ಯೂಟರಿಗೆ ಕಲಿಸುವ ಕೆಲಸಕ್ಕೂ ಈ ಕರಾವಳಿಯ ನಂಟಿದೆ. ಕಿನ್ನಿಕಂಬಳ ಮೂಲದ ಕೆ.ಪಿ. ರಾವ್ ಇಂಗ್ಲಿಷ್ ಕೀಲಿಗಳಲ್ಲೇ ಕನ್ನಡವನ್ನು ಉಚ್ಚಾರಕ್ಕೆ ತಕ್ಕಂತೆ ಟೈಪ್ ಮಾಡುವ ವಿನ್ಯಾಸ ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು. ಮುಂದೆ ರಾಜ್ಯ ಸರ್ಕಾರ ಒಪ್ಪಿದ ಕೀಲಿಮಣೆಗೂ ಅದೇ ತಳಹದಿ. ಅಕ್ಷರ ಮೂಡಿಸುವುದು ಒಂದು ಸವಾಲಾದರೆ, ಸಾರ್ಟ್ ಮಾಡುವುದು ಇನ್ನೊಂದು. ಸಿ ಭಾಷೆಯ ಹೋಲಿಕೆ ಅಕ್ಷರದ ಸಂಕೇತ ಸಂಖ್ಯೆಯನ್ನಷ್ಟೇ ನೋಡುತ್ತದೆ. ಯೂನಿಕೋಡ್‌ನಲ್ಲಿ ‘ಳ’ಕಾರ ‘ಲ’ದ ಪಕ್ಕದಲ್ಲಿದೆ, ವರ್ಣಮಾಲೆಯಲ್ಲಿ ‘ಹ’ದ ನಂತರ. ಹಾಗಾಗಿ ‘ಹಸು’, ‘ಹಳ್ಳಿ’ ಎಂಬ ಎರಡು ಪದಗಳನ್ನು ಲ್ಯಾಬಿನ ಬಬಲ್ ಸಾರ್ಟ್‌ಗೆ ಕೊಟ್ಟರೆ ಹಳ್ಳಿ ಮೊದಲು ಬರುತ್ತದೆ. ನಿಘಂಟಿನಲ್ಲಿ ಹಸು ಮೊದಲು. ಅಕಾರಾದಿಯನ್ನು ಯಂತ್ರಕ್ಕೆ ಬೇರೆಯಾಗಿಯೇ ಹೇಳಿಕೊಡಬೇಕು.

ಕಲಿತ ವಿದ್ಯೆ ಊರಿನಲ್ಲೇ ಕೆಲಸವಾದದ್ದೂ ಉಂಟು. 1996ರಲ್ಲಿ ಉಡುಪಿಯಲ್ಲಿ ಆರಂಭವಾದ ರೋಬೋಸಾಫ್ಟ್ ಮ್ಯಾಕ್ ಕಂಪ್ಯೂಟರುಗಳ ತಂತ್ರಾಂಶ ಬರೆಯುತ್ತ ಬೆಳೆಯಿತು; ಅದರ ಸ್ಥಾಪಕ ರೋಹಿತ್ ಭಟ್ ಅವರೇ ಮುಂದೆ ಕಟ್ಟಿದ 99ಗೇಮ್ಸ್ ಇಲ್ಲಿಂದಲೇ ಮೊಬೈಲ್ ಆಟಗಳನ್ನು ಜಗತ್ತಿಗೆ ಕಳಿಸಿತು. ಮಣಿಪಾಲದಲ್ಲಿ ಎಲೆಕ್ಟ್ರಿಕಲ್ ಓದಿ 1988ರಲ್ಲಿ ಪದವಿ ಪಡೆದ ಸತ್ಯ ನಾದೆಲ್ಲ 2014ರಲ್ಲಿ ಮೈಕ್ರೋಸಾಫ್ಟ್‌ನ ಮುಖ್ಯಸ್ಥರಾದರು.

2010ರಲ್ಲಿ ಕಾಪು ಕಡೆಯ ಶಿರ್ವ ಸಮೀಪದ ಬಂಟಕಲ್ಲಿನಲ್ಲಿ ಸೋದೆ ಮಠದ ಶಿಕ್ಷಣ ಟ್ರಸ್ಟ್ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಪರ್ಯಾಯದ ಅವಧಿಯನ್ನು ಎರಡು ವರ್ಷಕ್ಕೆ ಹಿಗ್ಗಿಸಿದ ವಾದಿರಾಜರ ಹೆಸರೂ ಆ ಕಾಲೇಜಿನ ಹೆಸರಿನಲ್ಲಿದೆ. ಇತ್ತೀಚಿನ ಪಾಠಕ್ರಮಗಳಲ್ಲಿ ಪೈಥಾನ್ ಸಿಯ ಪಕ್ಕಕ್ಕೆ ಬಂದು ನಿಂತಿದೆ. ಫೋರ್ಟ್ರಾನ್ ಹೋಯಿತು, ಕಾರ್ಡು ಹೋಯಿತು, ನೀಲಿ ಪರದೆ ಹೋಯಿತು. ಲೆಕ್ಕಗಳ ಪಟ್ಟಿ ಮಾತ್ರ ಹೆಚ್ಚು ಬದಲಾಗಿಲ್ಲ: ಕೂಡಿಸು, ಹುಡುಕು, ಕ್ರಮಕ್ಕೆ ತರು, ಸರದಿ ನಡೆಸು. ಕಾಗದದ ಮೇಲಿನ ಡ್ರೈ ರನ್ ಕೂಡ ಮಣಿಪಾಲ, ನಿಟ್ಟೆ, ಬಂಟಕಲ್ಲಿನ ರೆಕಾರ್ಡ್ ಪುಸ್ತಕಗಳಲ್ಲಿ ಇನ್ನೂ ಮೊದಲ ಪುಟದಲ್ಲೇ ಸಲ್ಲಬೇಕಾದ ಅಭ್ಯಾಸ.