ಅವಳಿ ಬಸಿರಿಗೆ ಕಿವಿಗೊಟ್ಟವರು

ಬಸುರಿಯ ಹೊಟ್ಟೆಯ ಮೇಲೆ ಎರಡು ಬಿಲ್ಲೆಗಳನ್ನು ಪಟ್ಟಿಯಿಂದ ಬಿಗಿದು ಕೂರಿಸಿರುತ್ತಾರೆ. ಪಕ್ಕದಲ್ಲಿರುವ ಯಂತ್ರದಿಂದ ಉದ್ದನೆಯ ಕಾಗದವೊಂದು ಮೆಲ್ಲಗೆ ಹೊರಬರುತ್ತದೆ. ಅದರ ಮೇಲೆ ಎರಡು ಗೆರೆಗಳು. ಅವಳಿ ಬಸಿರಿನ ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಓಡಾಡಿದ ಮನೆಯವರು ಈ ನೋಟವನ್ನು ಕಂಡಿರಬಹುದು. “ಎರಡೂ ಚೆನ್ನಾಗಿವೆಯಂತೆ” ಎಂದು ಹೇಳಿಕೊಂಡು ಅವರು ಸಮಾಧಾನದಿಂದ ಮನೆಗೆ ಹಿಂದಿರುಗುತ್ತಾರೆ. ಆ ‘ಎರಡೂ’ ಎಂಬ ಮಾತಿದೆಯಲ್ಲ, ಅದನ್ನು ನಿಶ್ಚಯವಾಗಿ ಆಡುವುದಕ್ಕೆ ವೈದ್ಯರಿಗೆ ಸುಮಾರು ನೂರೈವತ್ತು ವರ್ಷ ಹಿಡಿಯಿತು. ಹೊಟ್ಟೆಯೊಳಗಿನ ಒಂದು ಹೃದಯವನ್ನು ಕೇಳುವುದು ಒಂದು ವಿದ್ಯೆ. ಕೇಳಿದ್ದು ಎರಡು ಹೃದಯಗಳನ್ನೇ ಹೊರತು ಒಂದನ್ನೇ ಎರಡು ಸಲ ಅಲ್ಲವೆಂದು ತಿಳಿಯುವುದು ಬೇರೆಯೇ ವಿದ್ಯೆ.

ಅವಳಿ-ಜವಳಿ ಎನ್ನುತ್ತೇವಷ್ಟೆ. ಸಂಸ್ಕೃತದ ‘ಯಮಲ’ ಶಬ್ದವೇ ಕನ್ನಡದಲ್ಲಿ ‘ಜವಳ’ವಾಯಿತು, ‘ಯಮ’ನು ‘ಜವ’ನಾದ ಹಾಗೆ. ಯಮನೂ ಯಮಿಯೊಡನೆ ಜವಳಿಯಾಗಿ ಹುಟ್ಟಿದವನೇ. ಶಬ್ದದ ಈ ನಂಟನ್ನು ಪಾಠದಲ್ಲಿ ಹೇಳಿ ನಗುವುದುಂಟು. ಆದರೆ ಒಂಟಿ ಬಸಿರಿಗಿಂತ ಜವಳಿ ಬಸಿರಿನಲ್ಲಿ ಅಪಾಯ ಹೆಚ್ಚೆಂಬುದು ಹಳೆಯ ಕಾಲದ ಸೂಲಗಿತ್ತಿಯಿಂದ ಹಿಡಿದು ಇಂದಿನ ತಜ್ಞವೈದ್ಯರವರೆಗೆ ಎಲ್ಲರಿಗೂ ಗೊತ್ತಿರುವ ಸಂಗತಿ.

ಕಥೆ ಆರಂಭವಾಗುವುದು ಪ್ಯಾರಿಸಿನಲ್ಲಿ. 1816ರಲ್ಲಿ ಲೆನೆಕ್ ಎಂಬ ವೈದ್ಯ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಇಟ್ಟು ಕೇಳಿದ, ಸ್ಟೆತಾಸ್ಕೋಪು ಹುಟ್ಟಿತು. ಎರಡೇ ವರ್ಷಗಳಲ್ಲಿ, 1818ರಲ್ಲಿ, ಜಿನೀವಾ ನಗರದ ಶಸ್ತ್ರವೈದ್ಯ ಮೇಯರ್ ತುಂಬಿದ ಬಸುರಿಯ ಹೊಟ್ಟೆಗೆ ಕಿವಿಯಿಟ್ಟರೆ ಮಗುವಿನ ಎದೆಬಡಿತ ಕೇಳಿಸುವುದೆಂದೂ, ಮಗು ಬದುಕಿದೆಯೋ ಇಲ್ಲವೋ ಎಂಬುದನ್ನು ಅದರಿಂದ ಹೇಳಬಹುದೆಂದೂ ತಿಳಿಸಿದ. ಆ ಮಾತನ್ನು ಯಾರೂ ಅಷ್ಟಾಗಿ ಲಕ್ಷಿಸಲಿಲ್ಲ.

1821ರ ಡಿಸೆಂಬರಿನಲ್ಲಿ ಪ್ಯಾರಿಸಿನ ವೈದ್ಯ ಪರಿಷತ್ತಿನ ಮುಂದೆ ಇನ್ನೊಬ್ಬಾತ ಇದೇ ವಿಷಯವಾಗಿ ಪ್ರಬಂಧ ಓದಿದ. ಆತ ಹುಡುಕುತ್ತಿದ್ದುದು ಬೇರೆ. ಮಗು ಹೊರಳಾಡುವಾಗ ಗರ್ಭದ ನೀರು ಸದ್ದು ಮಾಡೀತೆಂದು ಕಿವಿಗೊಟ್ಟಿದ್ದವನಿಗೆ ಗಡಿಯಾರದ ಟಿಕ್ ಟಿಕ್ಕಿನಂತಹ ಸದ್ದು ಕೇಳಿಸಿತು. ಎಣಿಸಿ ನೋಡಿದರೆ ನಿಮಿಷಕ್ಕೆ ನೂರನಲವತ್ತಕ್ಕೂ ಮೇಲೆ. ತಾಯಿಯ ನಾಡಿ ಅಷ್ಟು ವೇಗವಾಗಿರಲಿಲ್ಲ. ಆದ್ದರಿಂದ ಅದು ತಾಯಿಯದಲ್ಲ. ಈ ಸದ್ದಿನಿಂದ ಬಸಿರನ್ನು ಗುರುತಿಸಬಹುದು, ಮಗು ಯಾವ ಭಂಗಿಯಲ್ಲಿದೆಯೆಂದು ತಿಳಿಯಬಹುದು, ಎರಡು ಕಡೆ ಬೇರೆ ಬೇರೆ ಬಡಿತ ಕೇಳಿಸಿದರೆ ಅವಳಿಯೆಂದು ಹೇಳಬಹುದು ಎಂದು ಆತ ಸೂಚಿಸಿದ. ಆತನ ಹೆಸರು ಲ ಜ್ಯುಮೋ ದ ಕೆರ್ಗಾರದೆಕ್. ಫ್ರೆಂಚ್ ಭಾಷೆಯಲ್ಲಿ ‘ಲ ಜ್ಯುಮೋ’ ಎಂದರೆ ‘ಅವಳಿ’ ಎಂದೇ ಅರ್ಥ! ಕಟ್ಟುಕಥೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

1833ರಲ್ಲಿ ಡಬ್ಲಿನ್ ನಗರದ ಎವರಿ ಕೆನೆಡಿ ಈ ವಿಷಯವನ್ನೇ ಕುರಿತು ಒಂದು ಗ್ರಂಥ ಬರೆದ. 1895ರಲ್ಲಿ ಪ್ಯಾರಿಸಿನ ಪಿನಾರ್ ಎಂಬ ವೈದ್ಯನು ಬಸುರಿಯರಿಗಾಗಿಯೇ ಚಿಕ್ಕ ಕಹಳೆಯಂತಹ ಕೊಳವೆಯನ್ನು ರೂಪಿಸಿದ. ಅಗಲವಾದ ಬಾಯಿ ಹೊಟ್ಟೆಯ ಮೇಲೆ, ಚಪ್ಪಟೆ ತುದಿ ವೈದ್ಯನ ಕಿವಿಗೆ. ಅದನ್ನು ಬಳಸುವ ದಾದಿಯರು ಇಂದಿಗೂ ಇದ್ದಾರೆ.

ಈ ಕೊಳವೆಯಿಂದ ಅವಳಿಯನ್ನು ಗುರುತಿಸುವುದು ಹೇಗೆ? ಪಠ್ಯಪುಸ್ತಕಗಳು ಹೇಳಿದ ವಿಧಾನ ಬಹಳ ಸ್ವಾರಸ್ಯವಾದುದು. ಇಬ್ಬರು ಬೇಕು. ಒಬ್ಬರು ಎಡಗಡೆ, ಒಬ್ಬರು ಬಲಗಡೆ. ಇಬ್ಬರೂ ಒಂದೇ ಕ್ಷಣದಲ್ಲಿ ಎಣಿಸಲು ಆರಂಭಿಸಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ಲೆಕ್ಕಗಳಿಗೆ ಹತ್ತು ಬಡಿತದಷ್ಟಾದರೂ ಅಂತರ ಬಂದರೆ, ನಡುವೆ ಸದ್ದಿಲ್ಲದ ಜಾಗವೂ ಇದ್ದರೆ, ಎರಡು ಶಿಶುಗಳೆಂದು ತಿಳಿಯಬೇಕು. ಒಬ್ಬನೇ ಅತ್ತಿತ್ತ ಓಡಾಡಿ ಎಣಿಸಿದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ಅದೇ ಹೃದಯದ ವೇಗ ಬದಲಾಗಿರುತ್ತದೆ. ರಾತ್ರಿಯ ಹೊತ್ತು ರೇಡಿಯೋದಲ್ಲಿ ಒಂದೇ ಜಾಗದಲ್ಲಿ ಎರಡು ಕೇಂದ್ರಗಳು ಒಂದರ ಮೇಲೊಂದು ಬಿದ್ದಾಗ ಕೇಳುವವರ ಪಾಡು ಏನಾಗುತ್ತದೆಂಬುದನ್ನು ಬಲ್ಲವರಿಗೆ ಈ ವೈದ್ಯರ ಕಷ್ಟ ಅರ್ಥವಾದೀತು. ಎರಡು ಹೃದಯಗಳೂ ಒಂದೇ ವೇಗದಲ್ಲಿ ನಡೆದರಂತೂ ಲೆಕ್ಕವೇ ಕೈಕೊಡುತ್ತಿತ್ತು. ಒಂದು ಕೂಸು ಹುಟ್ಟಿದ ಮೇಲೆ ಒಳಗೆ ಇನ್ನೊಂದಿದೆ ಎಂದು ತಿಳಿದ ಹೆರಿಗೆಗಳು ಆ ಕಾಲದಲ್ಲಿ ವಿರಳವಾಗಿರಲಿಲ್ಲ.

ಪಿನಾರನ ಕೊಳವೆ ಬಂದ 1895ರಲ್ಲಿಯೇ ರಾಂಟ್‌ಗೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ. ಮುಂದೆ ಅವಳಿಯ ಸಂದೇಹ ಬಂದರೆ ಹೊಟ್ಟೆಯ ಎಕ್ಸ್-ರೇ ತೆಗೆಯುವುದು ರೂಢಿಯಾಯಿತು. ಎರಡು ತಲೆಬುರುಡೆ ಕಂಡರೆ ತೀರ್ಮಾನವಾಯಿತು. ಆದರೆ ಆಕ್ಸ್‌ಫರ್ಡಿನ ವೈದ್ಯೆ ಆಲಿಸ್ ಸ್ಟುವರ್ಟ್ 1956ರಲ್ಲಿಯೂ, ಇನ್ನೂ ವಿವರವಾಗಿ 1958ರಲ್ಲಿಯೂ, ಗರ್ಭದಲ್ಲಿ ಈ ಕಿರಣಗಳಿಗೆ ಸಿಕ್ಕಿದ ಮಕ್ಕಳಲ್ಲಿ ಕ್ಯಾನ್ಸರ್ ಹೆಚ್ಚಾಗಿರುವುದನ್ನು ತೋರಿಸಿದರು. ಆ ತಾಯಂದಿರಿಗೆ ಮೊದಲೇ ಏನೋ ದೋಷವಿದ್ದುದರಿಂದ ಎಕ್ಸ್-ರೇ ತೆಗೆಸಿರಬೇಕು ಎಂದು ಕೆಲವರು ವಾದಿಸಿದರು. ಆ ವಾದಕ್ಕೆ ಉತ್ತರ ದೊರೆತದ್ದು ಅವಳಿಗಳಿಂದಲೇ. ಅವಳಿಗಳ ತಾಯಂದಿರಿಗೆ ಎಕ್ಸ್-ರೇ ತೆಗೆಯುತ್ತಿದ್ದುದು ಹೆಚ್ಚಾಗಿ ಅವಳಿಯೆಂಬ ಕಾರಣಕ್ಕೆ, ರೋಗದ ಕಾರಣಕ್ಕಲ್ಲ; ಅವರ ಮಕ್ಕಳಲ್ಲಿಯೂ ಅದೇ ಹಾನಿ ಕಂಡುಬಂದಿತೆಂದು 1974ರಲ್ಲಿ ಮೋಲ್ ಎಂಬ ವಿಜ್ಞಾನಿ ತೋರಿಸಿದ. ಎಣಿಸುವುದಕ್ಕಾಗಿ ತೆಗೆದ ಚಿತ್ರವೇ ಎಣಿಕೆಯಲ್ಲಿದ್ದ ಮಗುವಿಗೆ ಕೇಡಾಗಿದ್ದಿತು.

ಅದರ ಬದಲು ಬಂದದ್ದು ಶಬ್ದವೇ, ಆದರೆ ಮನುಷ್ಯನ ಕಿವಿಗೆ ಕೇಳಿಸದ ಶಬ್ದ. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ 1955ರಲ್ಲಿ ಬಾಯ್ಲರ್ ಕಾರ್ಖಾನೆಯೊಂದಕ್ಕೆ ಹೋಗಿ, ಲೋಹದೊಳಗಿನ ಬಿರುಕನ್ನು ಪತ್ತೆಮಾಡುವ ಯಂತ್ರವನ್ನು ಶರೀರದಿಂದ ತೆಗೆದ ಗೆಡ್ಡೆಗಳ ಮೇಲೆ ಪರೀಕ್ಷಿಸಿದ. ಹೋಲಿಕೆಗೆಂದು ಒಂದು ದೊಡ್ಡ ಮಾಂಸದ ತುಂಡನ್ನೂ ಇರಿಸಿಕೊಂಡಿದ್ದನಂತೆ. ಆತನೂ ಮ್ಯಾಕ್‌ವಿಕಾರ್, ಬ್ರೌನ್ ಎಂಬ ಸಂಗಡಿಗರೂ ಸೇರಿ 1958ರ ಜೂನಿನಲ್ಲಿ ಪ್ರಕಟಿಸಿದ ಲೇಖನದಿಂದಲೇ ಇಂದಿನ ಸ್ಕ್ಯಾನಿಂಗಿನ ವಂಶ ಬೆಳೆಯಿತು.

ಅದೇ 1958ರಲ್ಲಿ ಅಮೆರಿಕದ ಎಡ್ವರ್ಡ್ ಹಾನ್ ಮಗುವಿನ ಎದೆಬಡಿತವನ್ನು ವಿದ್ಯುತ್ ಉಪಕರಣದಿಂದ ಎಡೆಬಿಡದೆ ದಾಖಲಿಸುವ ಕ್ರಮವನ್ನು ತಿಳಿಸಿದ. 1964ರಲ್ಲಿ ಡಾಪ್ಲರ್ ತತ್ತ್ವದಿಂದ ಹೊಟ್ಟೆಯ ಹೊರಗಿನಿಂದಲೇ ಬಡಿತವನ್ನು ಹಿಡಿಯುವುದು ಸಾಧ್ಯವಾಯಿತು. ಸಮೀಪಿಸುವ ರೈಲಿನ ಸಿಳ್ಳು ಏರಿದಂತೆ, ದೂರ ಸರಿಯುವಾಗ ಇಳಿದಂತೆ ಕೇಳಿಸುವುದಿಲ್ಲವೆ? ಚಲಿಸುವ ಹೃದಯಕ್ಕೆ ತಾಗಿ ಹಿಂದಿರುಗುವ ಶಬ್ದವೂ ಹಾಗೆಯೇ. 1968ರ ಹೊತ್ತಿಗೆ ಜರ್ಮನಿಯ ಹಮ್ಮಾಖರನ ಪರಿಶ್ರಮದಿಂದ ಇಂತಹ ಯಂತ್ರ ಅಂಗಡಿಗೆ ಬಂದಿತು. ಇಲ್ಲಿ ಒಂದು ಮಾತು: ಯಂತ್ರದಿಂದ ನಮಗೆ ಕೇಳಿಸುವ ‘ಧಡಕ್ ಧಡಕ್’ ಮಗುವಿನ ಎದೆಯ ಸ್ವಂತ ದನಿಯಲ್ಲ, ಯಂತ್ರ ಕಟ್ಟಿಕೊಟ್ಟ ದನಿ. ಆದ್ದರಿಂದ ಅದು ಮೋಸವನ್ನೂ ಮಾಡಬಲ್ಲುದು. ಕೆಲವೊಮ್ಮೆ ತಾಯಿಯ ರಕ್ತನಾಳದ ಬಡಿತವನ್ನೇ ಮಗುವಿನದೆಂದು ಬರೆಯುತ್ತದೆ. ಅವಳಿಯಲ್ಲಿ ಎರಡು ಬಿಲ್ಲೆಗಳೂ ಒಂದೇ ಶಿಶುವಿನ ಕಡೆ ತಿರುಗಿ, ಎರಡು ಗೆರೆಗಳನ್ನು ಎಳೆದು, ಇನ್ನೊಂದು ಶಿಶುವಿನ ಸುದ್ದಿಯನ್ನೇ ಎತ್ತದಿರಬಹುದು. ಎರಡು ಗೆರೆಗಳೂ ಕೂಡಿ ಏರಿಳಿದರೆ ಅನುಮಾನಿಸಬೇಕೆಂದು ಹೇಳೋಣವೆಂದರೆ ಅದೂ ಪೂರ್ತಿ ಸರಿಯಲ್ಲ; ಒಂದು ಕದಲಿದಾಗ ಇನ್ನೊಂದೂ ಕದಲುವುದು ಜವಳಿಗಳ ಸ್ವಭಾವ. ಅದಕ್ಕೇ ಮೊದಲು ಸ್ಕ್ಯಾನಿನಲ್ಲಿ ಎರಡು ಹೃದಯಗಳ ಜಾಗವನ್ನೂ ನೋಡಿ, ಆಮೇಲೆ ಬಿಲ್ಲೆ ಕಟ್ಟಿ, ತಾಯಿಯ ಮಣಿಕಟ್ಟನ್ನು ಹಿಡಿದು ಅವಳ ನಾಡಿಯನ್ನೂ ಎಣಿಸುತ್ತಾರೆ. ಕೆಲವು ಯಂತ್ರಗಳು ಎರಡನೆಯ ಗೆರೆಯನ್ನು ಬೇಕೆಂದೇ ಇಪ್ಪತ್ತು ಬಡಿತದಷ್ಟು ಮೇಲಕ್ಕೆ ಸರಿಸಿ ಬರೆಯುತ್ತವೆ, ಒಂದರ ಮೇಲೊಂದು ಬೀಳದಿರಲೆಂದು.

1970ರ ದಶಕದಲ್ಲಿ ಎನ್.ಎಸ್.ಟಿ. ಎಂಬ ಪರೀಕ್ಷೆ ಬಳಕೆಗೆ ಬಂದಿತು. ಸಾಮಾನ್ಯವಾಗಿ ಇಪ್ಪತ್ತು ನಿಮಿಷದಲ್ಲಿ ಎದೆಬಡಿತ ಎರಡು ಸಲವಾದರೂ ಹದಿನೈದು ಬಡಿತದಷ್ಟು ಏರಿ ಹದಿನೈದು ಸೆಕೆಂಡು ನಿಂತರೆ ಮಗು ನೆಮ್ಮದಿಯಾಗಿದೆ ಎಂಬ ಲೆಕ್ಕ. 1980ರಲ್ಲಿ ಮ್ಯಾನಿಂಗ್ ಮತ್ತು ಅವನ ಸಂಗಡಿಗರು ಇದಕ್ಕೆ ಸ್ಕ್ಯಾನಿನಲ್ಲಿ ಕಾಣುವ ಉಸಿರಾಟದ ಚಲನೆ, ಮೈ ಕದಲಿಕೆ, ಕೈಕಾಲುಗಳ ಬಿಗಿ, ಗರ್ಭದ ನೀರು ಇವನ್ನು ಸೇರಿಸಿ, ಒಂದೊಂದಕ್ಕೆ ಎರಡರಂತೆ ಹತ್ತು ಅಂಕಗಳ ಬಯೋಫಿಸಿಕಲ್ ಪ್ರೊಫೈಲನ್ನು ರೂಪಿಸಿದರು. ಮೇಷ್ಟರಿಗೆ ಮೆಚ್ಚುಗೆಯಾಗುವಂತಹ ಕ್ರಮ! ಆದರೆ ಅವಳಿಗಳಲ್ಲಿ ಸರಾಸರಿ ತೆಗೆಯುವಂತಿಲ್ಲ; ಒಬ್ಬನ ಹತ್ತು ಇನ್ನೊಬ್ಬನ ನಾಲ್ಕನ್ನು ಮುಚ್ಚಲಾರದು. ಹೊಕ್ಕುಳ ಬಳ್ಳಿಯ ರಕ್ತ ಹರಿಯುವ ಬಗೆಯನ್ನು ಡಾಪ್ಲರಿನಿಂದ ಅಳೆಯುವುದನ್ನು 1977ರಲ್ಲಿ ಡಬ್ಲಿನ್ನಿನವರೇ ಆರಂಭಿಸಿದರು.

ಇಷ್ಟೆಲ್ಲ ಪರೀಕ್ಷೆಗಳು ಬಂದ ಮೇಲೆ ವೈದ್ಯರಿಗೆ ಮನವರಿಕೆಯಾದ ಸಂಗತಿಯೆಂದರೆ, ಅವಳಿಯಲ್ಲಿ ಮೊದಲು ಕೇಳಬೇಕಾದುದು ಮಾಸು ಒಂದೋ ಎರಡೋ ಎಂದು. ಇದನ್ನು ಹದಿನಾಲ್ಕು ವಾರದೊಳಗಿನ ಸ್ಕ್ಯಾನಿನಲ್ಲಿ ಚೆನ್ನಾಗಿ ತಿಳಿಯಬಹುದು. ಇಬ್ಬರಿಗೂ ಒಂದೇ ಮಾಸಾದರೆ ಅದರೊಳಗಿನ ರಕ್ತನಾಳಗಳು ಹೆಣೆದುಕೊಂಡಿರುತ್ತವೆ. ಇಂತಹ ಬಸಿರುಗಳಲ್ಲಿ ನೂರಕ್ಕೆ ಹತ್ತು ಹದಿನೈದರಲ್ಲಿ ಒಂದು ಶಿಶುವಿನ ನೆತ್ತರು ಇನ್ನೊಂದರ ಕಡೆ ಹೆಚ್ಚಾಗಿ ಹರಿದು, ಒಂದರ ಸುತ್ತ ನೀರು ಬತ್ತಿ, ಇನ್ನೊಂದರ ಸುತ್ತ ಉಕ್ಕುತ್ತದೆ. ಒಂದು ಒಳಗೇ ತೀರಿಕೊಂಡರೆ ಉಳಿದದ್ದರ ಮೆದುಳಿಗೂ ಪೆಟ್ಟು ಬೀಳಬಹುದು. ಆದ್ದರಿಂದಲೇ ಮಾಸು ಒಂದೇ ಆಗಿದ್ದರೆ ಹದಿನಾರನೆಯ ವಾರದಿಂದ ಎರಡೆರಡು ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿಸುವುದು.

ಯಂತ್ರವೇ ಸರ್ವಸ್ವವೆಂಬ ನಂಬಿಕೆ ಮಾತ್ರ ಉಳಿಯಲಿಲ್ಲ. 1985ರಲ್ಲಿ ಪ್ರಕಟವಾದ ಡಬ್ಲಿನ್ನಿನ ಪ್ರಯೋಗದಲ್ಲಿ ಸುಮಾರು ಹದಿಮೂರು ಸಾವಿರ ಹೆರಿಗೆಗಳನ್ನು ನೋಡಿದರು. ಹೆರಿಗೆಯ ನೋವಿನ ಕಾಲದಲ್ಲಿ ಎಡೆಬಿಡದ ಯಂತ್ರದಾಖಲೆಯಿಂದ ಎಳೆಗೂಸುಗಳ ಸೆಳವು ಕಡಮೆಯಾಯಿತು. ಸಾವಿನ ಸಂಖ್ಯೆಯಲ್ಲಿ, ಬಿಟ್ಟು ಬಿಟ್ಟು ಕಿವಿಯಿಂದ ಕೇಳಿದ ಗುಂಪಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಕಾಗದದ ಗೆರೆ ಚೆನ್ನಾಗಿದೆಯೆಂದರೆ ಆ ಹೊತ್ತಿಗೆ ಚೆನ್ನಾಗಿದೆ ಎಂದಷ್ಟೇ ಅರ್ಥ. ಕೊನೆಯ ವಾರಗಳಲ್ಲಿ ಪರೀಕ್ಷೆಯಷ್ಟೇ ಮುಖ್ಯವಾದುದು ಹೆರಿಗೆಯ ಕಾಲವನ್ನು ಗೊತ್ತುಮಾಡುವುದು. ತೊಡಕೇನೂ ಇಲ್ಲದಿದ್ದರೆ, ಬ್ರಿಟನ್ನಿನ ಕ್ರಮದಂತೆ, ಎರಡು ಮಾಸಿನ ಅವಳಿಗೆ 37ನೆಯ ವಾರ, ಒಂದು ಮಾಸಿನದಕ್ಕೆ 36ನೆಯ ವಾರ. ಒಂದೇ ನೀರಿನ ಚೀಲದಲ್ಲಿರುವ ಅಪರೂಪದ ಜವಳಿಗಳಿಗೆ ಹೊಕ್ಕುಳ ಬಳ್ಳಿಗಳು ಗಂಟುಬೀಳುವ ಭಯವಿರುವುದರಿಂದ 32ರಿಂದ 34ನೆಯ ವಾರದೊಳಗೆ.

ಸಹಜ ಹೆರಿಗೆಯಾದಲ್ಲಿ ಮೊದಲ ಕೂಸು ಹೊರಬಂದು ಅತ್ತು, ಮನೆಯವರು ಬಾಗಿಲ ಹೊರಗೆ ಆ ಅಳುವನ್ನು ಕೇಳಿ ಹಿಗ್ಗುತ್ತಿರುವಾಗಲೂ ಎರಡನೆಯ ಬಿಲ್ಲೆಯನ್ನು ಬಿಚ್ಚುವುದಿಲ್ಲ. ಒಳಗಿರುವುದರ ಎದೆಬಡಿತವನ್ನು ಅದು ಹುಟ್ಟುವವರೆಗೂ ಕೇಳುತ್ತಲೇ ಇರುತ್ತಾರೆ.