ಹಿಂದಿನ ಬೆಂಚಿನಿಂದ
ಮದುವೆಯಾಗಿ ಧಾರವಾಡದಿಂದ ಅಹಮದ್‌ನಗರಕ್ಕೆ, ಈಗಿನ ಅಹಿಲ್ಯಾನಗರಕ್ಕೆ ಬಂದವಳು ಮೊದಲ ಭಾನುವಾರವೇ ಕನ್ನಡ ಆರಾಧನೆ ಎಲ್ಲಿದೆಯೆಂದು ವಿಚಾರಿಸಿದೆ. ಸಿಗಲಿಲ್ಲ. ನಮ್ಮೂರಿಗೆ 1837ರಲ್ಲಿ ಬಂದ ಬಾಸೆಲ್ ಮಿಷನ್ ಕನ್ನಡ ಕಲಿತಿತ್ತು. ಇಲ್ಲಿಗೆ 1831ರಲ್ಲಿ ಬಂದದ್ದು ಅಮೆರಿಕನ್ ಮರಾಠಿ ಮಿಷನ್. ಹಾಡು, ಪ್ರಾರ್ಥನೆ ಎಲ್ಲವೂ ಮರಾಠಿ. ಎರಡು ತಿಂಗಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ತುಟಿ ಅಲ್ಲಾಡಿಸುತ್ತ ಕೂತೆ.

ಆ ಹಾಡುಗಳಲ್ಲಿ ಎಷ್ಟೋ ಇದೇ ಊರಿನಲ್ಲಿ ಬಾಳಿದ ಕವಿ ನಾರಾಯಣ ವಾಮನ ಟಿಳಕರವು. ಅವರ ಪತ್ನಿ ಲಕ್ಷ್ಮೀಬಾಯಿಯ ‘ಸ್ಮೃತಿಚಿತ್ರೆ’ ಆಮೇಲೆ ಓದಿದೆ. ಗಂಡ 1895ರಲ್ಲಿ ದೀಕ್ಷಾಸ್ನಾನ ಪಡೆದಾಗ ಆಕೆ ಹಿಂಬಾಲಿಸಲಿಲ್ಲ. ವರ್ಷಗಟ್ಟಲೆ ದೂರವಿದ್ದರು, ಮತ್ತೆ ಜೊತೆಯಾದ ಮೇಲೂ ತಮ್ಮ ಅಡುಗೆ, ನೀರು ಬೇರೆಯೇ. ಸಭೆ ಸೇರಿದ್ದು ತಮ್ಮ ಮನಸ್ಸು ಒಪ್ಪಿದ ಮೇಲೆಯೇ. ನನ್ನ ಎರಡು ತಿಂಗಳು ಏನು ಮಹಾ!

ಈಗ ಟಿಳಕರ ಹಾಡುಗಳನ್ನು ಗಟ್ಟಿಯಾಗಿ ಹಾಡುತ್ತೇನೆ. ಕೈಯಲ್ಲಿರುವ ಬೈಬಲ್ ಮಾತ್ರ ಕನ್ನಡದ್ದೇ.